ಸುಲೋಚನಾ ಅಂದ್ರೆ ಯಾವ ಸುಲೋಚನಾ? ಮೂಕಿ ಕಾಲದ ರೂಬಿ ಮೈಯರ್ಸ್ ಬಗ್ಗೆ ಒಂದಿಷ್ಟು

ಟೆಂಟ್_ಟಿಕೆಟ್
ಹೋದ ಭಾನುವಾರ ನಮ್ಮ ಬಡಾವಣೆಯ ಸಂಘದಲ್ಲಿ ಸಿನಿಮಾ ಕ್ವಿಜ್ ಇತ್ತು. 1973ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಯಾರಿಗೆ ಅಂತ ಪ್ರಶ್ನೆ. ನಮ್ಮ ತಂಡದವರು ‘ಸುಲೋಚನಾ’ ಅಂದರು. ಅಂಕ ಬಂತು, ಚಪ್ಪಾಳೆಯೂ ಬಂತು. ಆಮೇಲೆ ಪರದೆ ಮೇಲೆ ಫೋಟೊ ಹಾಕಿದರು ನೋಡಿ, ಹಿಂದಿ ಸಿನಿಮಾಗಳಲ್ಲಿ ಹೀರೋಗೆ ಅಮ್ಮ ಆಗ್ತಿದ್ದ ಬಿಳಿ ಸೀರೆಯ ಸುಲೋಚನಾ! ಪಕ್ಕದಲ್ಲಿ ಕೂತಿದ್ದ ಹಿರಿಯರು ‘ಅಲ್ಲ ಕಣ್ರೀ, ಅದು ನಮ್ಮ ಮೊದಲ ಟಾಕಿ ಸತಿ ಸುಲೋಚನ ಮಾಡಿದಾಕೆ’ ಅಂತ ಎದ್ದರು. ಇನ್ನೊಬ್ಬರು ‘ಇಬ್ಬರೂ ಅಲ್ಲ, ಆಕೆ ಮೂಕಿ ಕಾಲದ ಯಹೂದಿ ಹೆಂಗಸು’ ಅಂದರು. ಕಾಫಿ ಆರಿ ತಣ್ಣಗಾಗುವ ತನಕ ಜಗಳ. ಇಲ್ಲಿ ಬಲ್ಲವರಿದ್ದೀರಿ, ಬಿಡಿಸಿ ಹೇಳಿ.

ಹಳೇ_ರೀಲು
ಮೂರನೆಯವರು ಸರಿ. ಅವರಿಗೆ ಇನ್ನೊಂದು ಕಾಫಿ ಕೊಡಿಸಿ.

ಪ್ರಶಸ್ತಿ ಬಂದದ್ದು ರೂಬಿ ಮೈಯರ್ಸ್‌ಗೆ. ತೆರೆಯ ಹೆಸರು ಸುಲೋಚನಾ. 1907ರಲ್ಲಿ ಪುಣೆಯಲ್ಲಿ ಹುಟ್ಟಿದವರು, ಬಗ್ದಾದಿ ಯಹೂದಿ ಮನೆತನ. ಫಾಲ್ಕೆ ಪ್ರಶಸ್ತಿಯ ಪಟ್ಟಿಯಲ್ಲಿ ಐದನೆಯವರು: ದೇವಿಕಾ ರಾಣಿ, ಬಿ.ಎನ್. ಸರ್ಕಾರ್, ಪೃಥ್ವಿರಾಜ್ ಕಪೂರ್, ಪಂಕಜ್ ಮಲ್ಲಿಕ್, ಆಮೇಲೆ ಇವರು. ಮೊದಲ ಐದರಲ್ಲಿ ಇಬ್ಬರು ಹೆಂಗಸರು ಅನ್ನೋದನ್ನ ಯಾಕೋ ಯಾರೂ ಗಮನಿಸಲ್ಲ. ಅದರಲ್ಲಿ ದೇವಿಕಾ ರಾಣಿ ನಮ್ಮ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲೇ ಕೊನೆಗಾಲ ಕಳೆದವರು.

ಇನ್ನು ‘ಸತಿ ಸುಲೋಚನ’. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್‌ನಲ್ಲಿ ಬಿಡುಗಡೆಯಾದ ಚಿತ್ರ. ಅಲ್ಲಿ ಸುಲೋಚನ ಅನ್ನೋದು ಪಾತ್ರದ ಹೆಸರು, ಇಂದ್ರಜಿತುವಿನ ಹೆಂಡತಿ. ಆ ಪಾತ್ರ ಮಾಡಿದವರು ತ್ರಿಪುರಾಂಬ. ರೂಬಿ ಮೈಯರ್ಸ್‌ಗೂ ಅದಕ್ಕೂ ಸಂಬಂಧವಿಲ್ಲ.

ಕುಂದಾ_ಪ್ರಿಯ
ಬಿಳಿ ಸೀರಿ ಸುಲೋಚನಾ ನಮ್ಮ ಕಡೇಯವ್ರು ನೋಡ್ರಿ. ಸುಲೋಚನಾ ಲಾಟ್ಕರ್. ಬೆಳಗಾವಿ ಜಿಲ್ಲಾದ ಖಡಕಲಾಟದಾಗ 1928ರಾಗ ಹುಟ್ಟಿದ್ರು, 2023ರಾಗ ತೀರಿಕೊಂಡ್ರು. ಅವ್ರಿಗೂ ಪದ್ಮಶ್ರೀ ಅದ, 1999ರಾಗ ಕೊಟ್ಟಾರ. ಹಂಗಾಗಿ ಕ್ವಿಜ್‌ನವ್ರು ತಪ್ಪು ಫೋಟೊ ಹಾಕಿದ್ರೂ ಪೂರಾ ತಪ್ಪು ಮನುಷ್ಯಾರನ್ನೇನು ಹಾಕಿಲ್ಲ. ಕರ್ನಾಟಕದಾಗ ಹುಟ್ಟಿದ ಸುಲೋಚನಾನ್ನ ಹಾಕ್ಯಾರ ಅಷ್ಟ.

ಅಂಗಳದ_ಮಲ್ಲಿಗೆ
ನಮ್ಮಜ್ಜಿ ಕನ್ನಡಕಕ್ಕೆ ‘ಸುಲೋಚನ’ ಅಂತಿದ್ದರು. ‘ನನ್ನ ಸುಲೋಚನ ಎಲ್ಲಿಟ್ಟೆಯೇ’ ಅಂತ ದಿನಾ ಬೆಳಗ್ಗೆ ಹುಡುಕಾಟ. ನಾಲ್ಕನೇ ಸುಲೋಚನಾನೂ ಪಟ್ಟಿಗೆ ಸೇರಿಸಿಕೊಳ್ಳಿ. 😄

ಟೆಂಟ್_ಟಿಕೆಟ್
😂 ಸೇರಿಸಿದೆ. ಹಳೇ_ರೀಲು ಸರ್, ಯಹೂದಿ ಹುಡುಗಿಗೆ ಈ ಹೆಸರು ಹೇಗೆ ಬಂತು? ಸಿನಿಮಾಕ್ಕೆ ಬಂದದ್ದು ಹೇಗೆ?

ಹಳೇ_ರೀಲು
ಆಕೆ ಟೆಲಿಫೋನ್ ಆಪರೇಟರ್. ‘ನಂಬರ್ ಪ್ಲೀಸ್’ ಅನ್ನುವ ಕೆಲಸ. ಕೊಹಿನೂರ್ ಫಿಲ್ಮ್ ಕಂಪನಿಯ ನಿರ್ದೇಶಕ ಮೋಹನ್ ಭಾವನಾನಿ ಆಕೆಯನ್ನು ನೋಡಿ ಸಿನಿಮಾಕ್ಕೆ ಕರೆದರು. ಆಕೆ ಒಲ್ಲೆ ಅಂದಳು. ಭಾವನಾನಿ ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದರು. ಕೊನೆಗೆ ಒಪ್ಪಿ 1925ರಲ್ಲಿ ‘ವೀರ್ ಬಾಲಾ’. ನಟನೆಯ ಗಂಧಗಾಳಿ ಇರಲಿಲ್ಲ. ಹೆಸರು ಸುಲೋಚನಾ ಅಂತಾಯಿತು, ಅಂದರೆ ಚೆಂದದ ಕಣ್ಣಿನವಳು. ಆ ಕಂದು ಕಣ್ಣುಗಳ ಫೋಟೊ ನೋಡಿದರೆ ಯಾಕೆ ಅಂತ ಯಾರೂ ಕೇಳಲಾರರು.

ಒಲ್ಲೆ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ಅದಕ್ಕೂ ಹನ್ನೆರಡು ವರ್ಷ ಹಿಂದೆ, 1913ರಲ್ಲಿ, ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿ ಆದದ್ದು ಅಣ್ಣಾ ಸಾಳುಂಕೆ ಅನ್ನುವ ಗಂಡಸು. ಹೋಟೆಲಿನ ಅಡುಗೆಮನೆಯಿಂದ ಕರೆತಂದ ಹುಡುಗ. ಅದೇ ಸಾಳುಂಕೆ 1917ರ ‘ಲಂಕಾ ದಹನ’ದಲ್ಲಿ ರಾಮನೂ ಅವನೇ, ಸೀತೆಯೂ ಅವನೇ. ನಡುವೆ ‘ಮೋಹಿನಿ ಭಸ್ಮಾಸುರ’ದಲ್ಲಿ ದುರ್ಗಾಬಾಯಿ ಕಾಮತ್, ಮಗಳು ಕಮಲಾಬಾಯಿ ಬಣ್ಣ ಹಚ್ಚಿದ್ದರು, ನಿಜ. ಆದರೆ ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ಬರಬಾರದು ಅನ್ನೋ ಮಾತು ಆಮೇಲೂ ಬಹಳ ಕಾಲ ಹಾಗೇ ಇತ್ತು.

ಕ್ಯಾಂಪ್_ನಿವಾಸಿ
ಪುಣೆಯಲ್ಲಿ ಇಪ್ಪತ್ತು ವರ್ಷದಿಂದ ಇರೋ ಕನ್ನಡಿಗ ನಾನು, ಒಂದು ಮಾತು ಸೇರಿಸ್ತೀನಿ. ಕೆಲವು ಪುಸ್ತಕಗಳಲ್ಲಿ ರೂಬಿಯನ್ನ ‘ಯುರೇಷಿಯನ್’, ಅಂದ್ರೆ ಯುರೋಪ್-ಏಷ್ಯಾ ಬೆರಕೆಯವಳು, ಅಂತ ಬರೆದುಬಿಡ್ತಾರೆ. ಅದು ಬೇರೆ, ಇದು ಬೇರೆ. ಯಹೂದಿಗಳಲ್ಲೂ ಇಲ್ಲಿ ಎರಡು ಬಗೆ: ಕೊಂಕಣ ತೀರದಲ್ಲಿ ಶತಮಾನಗಳಿಂದ ನೆಲೆಸಿ ಮರಾಠಿ ಮಾತಾಡೋ ಬೆನೆ ಇಸ್ರೇಲಿಗಳು, ಇರಾಕ್ ಕಡೆಯಿಂದ ವ್ಯಾಪಾರಕ್ಕೆ ಬಂದ ಬಗ್ದಾದಿಗಳು. ರೂಬಿ ಎರಡನೇ ಗುಂಪು. ಮುಂದೆ ನಾದಿರಾ, ಪ್ರಮೀಳಾ ಕೂಡ ಬಗ್ದಾದಿ ಮನೆತನದಿಂದಲೇ ಬಂದರು. ಪ್ರಮೀಳಾ 1947ರ ಮೊದಲ ಮಿಸ್ ಇಂಡಿಯಾ.

ಪೇಷನ್ಸ್ ಕೂಪರ್, ರೆನೀ ಸ್ಮಿತ್ ಇವರೆಲ್ಲ ಆಂಗ್ಲೋ ಇಂಡಿಯನ್. ರೆನೀ ಸ್ಮಿತ್ ತೆರೆ ಮೇಲೆ ‘ಸೀತಾ ದೇವಿ’ ಆದಳು. ಹೆಸರು ಮಾತ್ರ ಎಲ್ಲರಿಗೂ ಪುರಾಣದ್ದೇ ಬೇಕು!

ಪಟ್ಟಾಂಗ_ಮಂಗಳೂರು
ಭಾವನಾನಿ ಅಂದಾಗ ಹೇಳಲೇಬೇಕು ಮಾರ್ರೆ. ಅದೇ ಮೋಹನ್ ಭಾವನಾನಿ ಆಮೇಲೆ ‘ವಸಂತಸೇನಾ’ ಅಂತ ಒಂದು ಮೂಕಿ ಚಿತ್ರ ಮಾಡಿದರು, ಶೂದ್ರಕನ ಮೃಚ್ಛಕಟಿಕದ್ದು. ಅದರಲ್ಲಿ ಏನಾಕ್ಷಿ ರಾಮರಾವ್ ನಾಯಕಿ, ಜೊತೆಗೆ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ. ಕರಕುಶಲ ಕಲೆಗಳ ಕಮಲಾದೇವಿಯವರೇ ಹೌದು. ಟಿ.ಪಿ. ಕೈಲಾಸಂ ಕೂಡ ಅದರಲ್ಲಿ ಬಣ್ಣ ಹಚ್ಚಿದ್ದಾರೆ. ಕೈಲಾಸಂ ಮಾತಾಡದ ಪಾತ್ರದಲ್ಲಿ! ಆ ಮನುಷ್ಯನನ್ನು ಸುಮ್ಮನಿರಿಸಿದ್ದು ಮೂಕಿ ಸಿನಿಮಾ ಒಂದೇ ಇರಬೇಕು.

ಹಳೇ_ರೀಲು
ಒಳ್ಳೆ ಕೊಂಡಿ ಹಾಕಿದಿರಿ. ಹಾಗೆ ನೋಡಿದರೆ ಗುಬ್ಬಿ ವೀರಣ್ಣನವರ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕೂಡ ಮೂಕಿ ಚಿತ್ರ ತೆಗೆದಿತ್ತು, ‘ಹರಿಮಾಯಾ’ ಇತ್ಯಾದಿ. ಅದಕ್ಕೇ ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ದಾರಿ ತಪ್ಪುತ್ತೆ.

ರೀಲ್_ಅಲ್ಲ_ರಿಯಲ್
ನಾನು ಓದಿದ ಪ್ರಕಾರ ಸುಲೋಚನಾ ಸಂಬಳ ಬಾಂಬೆ ಗವರ್ನರ್ ಸಂಬಳಕ್ಕಿಂತ ಜಾಸ್ತಿ ಇತ್ತಂತೆ. ತಿಂಗಳಿಗೆ 5,000 ರೂಪಾಯಿ! ಷೆವರ್ಲೆ ಕಾರು ಬೇರೆ. ಅವತ್ತಿನ ಲೇಡಿ ಸೂಪರ್‌ಸ್ಟಾರ್.

ಲೆಕ್ಕದ_ಮೇಷ್ಟ್ರು
5,000 ಸರಿ. ಷೆವರ್ಲೆಯೂ ಸರಿ. ಗವರ್ನರ್ ಕತೆ ಮಾತ್ರ ಎಲ್ಲ ಕಡೆ ಓಡಾಡ್ತಿದೆ, ಯಾರೂ ಕೂಡಿ ಕಳೆದು ನೋಡಿಲ್ಲ. 1935ರ ಭಾರತ ಸರ್ಕಾರ ಕಾಯಿದೆಯ ಪರಿಶಿಷ್ಟದಲ್ಲಿ ಬಾಂಬೆ ಗವರ್ನರ್ ಸಂಬಳ ವರ್ಷಕ್ಕೆ 1,20,000 ರೂಪಾಯಿ ಅಂತ ಇದೆ. ತಿಂಗಳಿಗೆ 10,000. ಸುಲೋಚನಾ ಅವರದು ವರ್ಷಕ್ಕೆ 60,000. ಅಂದರೆ ಸರಿಯಾಗಿ ಅರ್ಧ.

ರೀಲ್_ಅಲ್ಲ_ರಿಯಲ್
ಮೇಷ್ಟ್ರೇ, ಒಳ್ಳೆ ಕತೆಗೆ ನೀರು ಹಾಕಿಬಿಟ್ರಿ.

ಅಂಗಳದ_ಮಲ್ಲಿಗೆ
ಅರ್ಧ ಅಂದರೆ ಕಮ್ಮಿನಾ? ಲಂಡನ್ನಿಂದ ಬಂದ ಲಾಟ್ ಸಾಹೇಬನ ಅರ್ಧ ಸಂಬಳ, ಸ್ವಿಚ್‌ಬೋರ್ಡ್ ಮುಂದೆ ಕೂತಿದ್ದ ಹುಡುಗಿಗೆ, ಇನ್ನೂ ಮೂವತ್ತು ತುಂಬೋ ಮೊದಲು. ಆಗ ಬಂಗಾರ ತೊಲಕ್ಕೆ ಮೂವತ್ತೈದು ರೂಪಾಯಿ ಆಸುಪಾಸು. ತಿಂಗಳಿಗೆ ನೂರನಲವತ್ತು ತೊಲ ಅಂತ ಲೆಕ್ಕ ಹಾಕಿ ನೋಡಿ, ಮೇಷ್ಟ್ರೇ. ಕತೆಗೆ ನೀರೂ ಬೇಡ, ಗವರ್ನರೂ ಬೇಡ.

ಲೆಕ್ಕದ_ಮೇಷ್ಟ್ರು
ಒಪ್ಪಿದೆ. ಲೆಕ್ಕ ಸರಿ ಇದೆ.

ಕುಂದಾ_ಪ್ರಿಯ
ಕಾರಿನ ಮಾತು, ಪಗಾರದ ಮಾತು ಸಾಕ್ರಿ. ಆಕಿ ಮಾಡಿದ ಸಿನಿಮಾ ಯಾವುವು? ಅದನ್ನ ಯಾರೂ ಹೇಳವಲ್ರಿ.

ಹಳೇ_ರೀಲು
ಸರಿ, ಸ್ವಲ್ಪ ಉದ್ದವಾಗುತ್ತೆ.

ಕೊಹಿನೂರ್‌ನಲ್ಲಿ ಇದ್ದಾಗ ‘ಟೈಪಿಸ್ಟ್ ಗರ್ಲ್’, 1926. ಚಂದೂಲಾಲ್ ಶಾ ನಿರ್ದೇಶನ, ಜೊತೆಗೆ ಗೋಹರ್ ಮತ್ತು ರಾಜಾ ಸ್ಯಾಂಡೋ. ಚಿತ್ರದ ಹೆಸರನ್ನೇ ಗಮನಿಸಿ. ಟೈಪಿಸ್ಟ್, ಆಮೇಲೆ 1929ರಲ್ಲಿ ‘ಇಂದಿರಾ ಬಿ.ಎ.’. ಸೀತೆ, ದ್ರೌಪದಿ, ತಾರಾಮತಿಯರ ಪಕ್ಕದಲ್ಲಿ ಕೆಲಸಕ್ಕೆ ಹೋಗುವ, ಓದಿದ, ಪಟ್ಟಣದ ಹುಡುಗಿಯೊಬ್ಬಳು ತೆರೆ ಮೇಲೆ ನಿಂತಳು. ಆ ಹುಡುಗಿಯ ಮುಖ ಸುಲೋಚನಾದು. ನಿಜ ಜೀವನದಲ್ಲೂ ಸಂಬಳಕ್ಕೆ ದುಡಿದಿದ್ದವಳು ಅನ್ನೋದರಿಂದ ಆ ಪಾತ್ರಗಳಿಗೆ ಒಂದು ಕಳೆ ಬಂದಿರಬೇಕು ಅಂತ ನನ್ನ ಊಹೆ. ಊಹೆ ಅಷ್ಟೇ, ಯಾಕೆ ಅಂತ ಆಮೇಲೆ ಹೇಳ್ತೀನಿ.

1927ರಲ್ಲಿ ‘ವೈಲ್ಡ್‌ಕ್ಯಾಟ್ ಆಫ್ ಬಾಂಬೆ’, ಭಾವನಾನಿಯದೇ. ಇದರಲ್ಲಿ ಆಕೆಯದು ಎಂಟು ವೇಷ. ತೋಟದ ಮಾಲಿ, ಪೊಲೀಸ್, ಹೈದರಾಬಾದಿ ಸಾಹೇಬ, ಬೀದಿ ಹುಡುಗ, ಯುರೋಪಿನ ಹೊಂಗೂದಲ ಹೆಂಗಸು, ಬಾಳೆಹಣ್ಣು ಮಾರುವ ಮುದುಕಿ, ಜೇಬುಗಳ್ಳಿ, ಎಲ್ಲ ಆಕೆಯೇ. ಹತ್ತು ವರ್ಷದ ಹಿಂದೆ ಹೆಣ್ಣು ವೇಷವನ್ನೂ ಗಂಡಸೇ ಹಾಕಬೇಕಿದ್ದ ಚಿತ್ರರಂಗ ಅದು. ಈಗ ಒಬ್ಬ ಹೆಣ್ಣು ಪೊಲೀಸ್ ಟೋಪಿ ಹಾಕಿಕೊಂಡು ಗಂಡಸಾಗಿ ನಿಂತಿದ್ದಾಳೆ. ಸಾಳುಂಕೆಯ ಋಣ ತೀರಿಸಿದ ಹಾಗಾಯಿತು.

ಆಮೇಲೆ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿ. ಅಲ್ಲಿ ಆರ್.ಎಸ್. ಚೌಧರಿ ನಿರ್ದೇಶನದಲ್ಲಿ 1928ರಲ್ಲಿ ‘ಮಾಧುರಿ’, ‘ಅನಾರ್ಕಲಿ’, ಮರುವರ್ಷ ‘ಇಂದಿರಾ ಬಿ.ಎ.’. ಈ ಮೂರರಿಂದ ಆಕೆಯ ಹೆಸರು ಎಷ್ಟು ಏರಿತು ಅಂದರೆ, ಖಾದಿ ಪ್ರದರ್ಶನವೊಂದನ್ನು ಗಾಂಧೀಜಿ ಉದ್ಘಾಟಿಸಿದ ಕಿರುಚಿತ್ರ ತೋರಿಸುವಾಗ ಅದರ ಜೊತೆಗೆ ‘ಮಾಧುರಿ’ಯ ಸುಲೋಚನಾ ನೃತ್ಯವನ್ನೂ ಧ್ವನಿ ಜೋಡಿಸಿ ತೋರಿಸಿದರು. ಜನ ಬರಲಿ ಅಂತ. ಗಾಂಧಿಗೆ ಜನ ಬರ್ತಿದ್ದರಪ್ಪ, ಸಿನಿಮಾದವರಿಗೆ ಮಾತ್ರ ಧೈರ್ಯ ಸಾಲಲಿಲ್ಲ!

ಕ್ಯಾಂಪ್_ನಿವಾಸಿ
‘ಅನಾರ್ಕಲಿ’ ಕತೆ ಪೂರ್ತಿ ಹೇಳಿ ಸರ್, ಅದು ಮಜಾ ಇದೆ.

ಹಳೇ_ರೀಲು
ಲಾಹೋರಿನ ಗ್ರೇಟ್ ಈಸ್ಟರ್ನ್ ಕಂಪನಿ ದೊಡ್ಡ ಖರ್ಚಿನಲ್ಲಿ ಅನಾರ್ಕಲಿ ಕತೆ ತೆಗೀತಿತ್ತು. ಇಮ್ತಿಯಾಜ್ ಅಲಿ ತಾಜ್ ಅವರ ನಾಟಕ ಆಧಾರ, ಅನಾರ್ಕಲಿ ಪಾತ್ರಕ್ಕೆ ಮೇಲೆ ಹೇಳಿದ ಸೀತಾ ದೇವಿ. ಅವರು ಅರಮನೆ, ಕೋಟೆ ಅಂತ ನಿಧಾನವಾಗಿ ತೆಗೀತಿದ್ದಾಗ ಇಂಪೀರಿಯಲ್‌ನವರು ಸುಲೋಚನಾ ಹಾಕಿಕೊಂಡು ಅದೇ ಕತೆ ಗಡಿಬಿಡಿಯಲ್ಲಿ ಮುಗಿಸಿ, ಲಾಹೋರಿನವರಿಗಿಂತ ಮೊದಲು ಥಿಯೇಟರಿಗೆ ತಂದುಬಿಟ್ಟರು. ಸಲೀಂ ಪಾತ್ರದಲ್ಲಿ ದಿನ್ಶಾ ಬಿಲಿಮೋರಿಯಾ. ಬಾಂಬೆಯ ಚಿತ್ರ ಗೆದ್ದಿತು, ಲಾಹೋರಿನದು ಸೋತಿತು. ಒಬ್ಬಳು ಯಹೂದಿ ಅನಾರ್ಕಲಿ, ಇನ್ನೊಬ್ಬಳು ಆಂಗ್ಲೋ ಇಂಡಿಯನ್ ಅನಾರ್ಕಲಿ. ಅಕ್ಬರನ ಆಸ್ಥಾನ ಅಂದ್ರೆ ಹಾಗೇ ಇರಬೇಕು ಬಿಡಿ.

ರೀಲ್_ಅಲ್ಲ_ರಿಯಲ್
ಆದರೂ ಕೊನೆಗೆ ಟಾಕಿ ಬಂದು ಆಕೆಯ ಕತೆ ಮುಗೀತಲ್ವಾ? ಮಾತಾಡೋಕೆ ಬರಲಿಲ್ಲ, ಮೂಲೆಗೆ ಸೇರಿದಳು. ‘ಮೂಕಿ ರಾಣಿಯ ದುರಂತ’ ಅಂತ ಒಂದು ವಿಡಿಯೊ ನೋಡಿದ್ದೆ.

ಹಳೇ_ರೀಲು
ನನಗೆ ಜಗಳ ಇರೋದೇ ಈ ಮಾತಿನ ಹತ್ತಿರ. ಆ ವಿಡಿಯೊ ನಾನೂ ನೋಡಿದೆ. ಹಿನ್ನೆಲೆಯಲ್ಲಿ ಸಾರಂಗಿ, ಕಣ್ಣೀರು, ದುರಂತ. ಇಸವಿಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿ.

1931ರ ಮಾರ್ಚ್ 14ರಂದು ಬಾಂಬೆಯ ಮೆಜೆಸ್ಟಿಕ್‌ನಲ್ಲಿ ದೇಶದ ಮೊದಲ ಟಾಕಿ ‘ಆಲಂ ಆರಾ’. ತೆಗೆದದ್ದು ಆಕೆಯದೇ ಕಂಪನಿ, ಇಂಪೀರಿಯಲ್. ನಾಯಕಿ ಮಾತ್ರ ಜುಬೇದಾ. ಕಂಪನಿಯ ಅತಿ ದೊಡ್ಡ ತಾರೆಯನ್ನು ಬಿಟ್ಟು ಬೇರೆಯವರನ್ನು ತಗೊಂಡರು. ಹಿಂದೂಸ್ತಾನಿ ಸಲೀಸಾಗಿ ಆಡಬೇಕಿತ್ತು. ಆಗ ಹಿನ್ನೆಲೆ ಗಾಯನ ಅನ್ನೋದೂ ಇಲ್ಲ, ಕ್ಯಾಮೆರಾ ಮುಂದೆ ನಿಂತವರೇ ಹಾಡಬೇಕು. ಸುಲೋಚನಾಗೆ ಹೊಡೆತ ಬಿತ್ತು, ನಿಜ.

ಆಕೆ ಏನು ಮಾಡಿದಳು? ಒಂದು ವರ್ಷ ಬಿಡುವು ತಗೊಂಡು ಭಾಷೆ ಕಲಿತಳು. 1932ರಲ್ಲಿ ‘ಮಾಧುರಿ’ ಟಾಕಿಯಾಗಿ ಬಂತು, ಗೆದ್ದಿತು. 1934ರಲ್ಲಿ ‘ಇಂದಿರಾ ಎಂ.ಎ.’. 1935ರಲ್ಲಿ ಟಾಕಿ ‘ಅನಾರ್ಕಲಿ’. 1936ರಲ್ಲಿ ‘ವೈಲ್ಡ್‌ಕ್ಯಾಟ್’ ಮತ್ತೆ ‘ಬಂಬೈ ಕಿ ಬಿಲ್ಲಿ’ ಆಗಿ. ತನ್ನದೇ ಮೂಕಿ ಚಿತ್ರಗಳಿಗೆ ತಾನೇ ದನಿ ಕೊಟ್ಟು ಒಂದೊಂದಾಗಿ ಎರಡನೇ ಸಲ ಗೆದ್ದವಳು. ಈ 5,000 ಸಂಬಳ, ಷೆವರ್ಲೆ ಕಾರಿನ ವೈಭವ ಎಲ್ಲ ಈ ಟಾಕಿ ಕಾಲದ್ದು! ರೂಬಿ ಪಿಕ್ಸ್ ಅಂತ ಸ್ವಂತ ಸಂಸ್ಥೆ ಕಟ್ಟಿದ್ದೂ ಆಗಲೇ. ಟಾಕಿ ಆಕೆಯನ್ನು ಮುಗಿಸಿದ್ದರೆ ಈ ಐದು ವರ್ಷ ಎಲ್ಲಿಂದ ಬಂತು?

ಲೆಕ್ಕದ_ಮೇಷ್ಟ್ರು
1929ರಲ್ಲಿ ಬಿ.ಎ., 1934ರಲ್ಲಿ ಎಂ.ಎ. ಐದು ವರ್ಷ ತಗೊಂಡಿದ್ದಾಳೆ. ನಡುವೆ ಒಂದು ವರ್ಷ ಭಾಷಾ ತರಗತಿ. ನಮ್ಮ ವಿಶ್ವವಿದ್ಯಾಲಯಗಳ ಫಲಿತಾಂಶಕ್ಕೆ ಹೋಲಿಸಿದರೆ ಬೇಗನೇ.

ಅಂಗಳದ_ಮಲ್ಲಿಗೆ
😂😂 ಮೇಷ್ಟ್ರು ನಗಿಸಿದ್ದು ಇವತ್ತೇ ಮೊದಲು.

ಪಟ್ಟಾಂಗ_ಮಂಗಳೂರು
ಹಾಗಾದರೆ ಇಳಿದದ್ದು ಯಾವಾಗ? ಬಿಲಿಮೋರಿಯಾ ಜೊತೆ ಪ್ರೀತಿ ಮುರಿದದ್ದಕ್ಕೆ ಅಂತ ಕೇಳಿದ್ದೆ.

ಹಳೇ_ರೀಲು
1933ರಿಂದ 39ರ ತನಕ ಇಬ್ಬರೂ ಜೊತೆ ಜೊತೆಯಲ್ಲೇ ನಟಿಸಿದರು. ಪ್ರೀತಿ ಮುರಿಯಿತು, ಕೆಲಸವೂ ಮುಗಿಯಿತು ಅಂತ ಬರೆದರೆ ಓದಲು ಚೆನ್ನ. ಆದರೆ 1938ರಲ್ಲಿ ಇಂಪೀರಿಯಲ್ ಕಂಪನಿಯೇ ಬಾಗಿಲು ಹಾಕಿತು. ಅದಕ್ಕೆ ಒಂದು ವರ್ಷ ಹಿಂದೆ ಬಣ್ಣದ ‘ಕಿಸಾನ್ ಕನ್ಯಾ’ ತೆಗೆದ ಕಂಪನಿ ಅದು. ತಿಂಗಳ ಸಂಬಳದ ತಾರೆಯರು ನಿಂತಿದ್ದು ಸ್ಟುಡಿಯೋದ ನೆಲದ ಮೇಲೆ. ನೆಲ ಹೋದ ಮೇಲೆ ಮೂವತ್ತು ದಾಟಿದ ನಾಯಕಿಗೆ ಹೊಸ ಕಂಪನಿ ಎಲ್ಲಿ? ಹೊಸ ಮುಖಗಳು, ಹಾಡಬಲ್ಲ ಮುಖಗಳು ಬಂದಿದ್ದವು. ನನ್ನ ಮಟ್ಟಿಗೆ ಪ್ರೇಮಭಂಗಕ್ಕಿಂತ ಕಂಪನಿಭಂಗ ದೊಡ್ಡದು. ಒಪ್ಪದಿದ್ದರೆ ಹೇಳಿ.

ಕ್ಯಾಂಪ್_ನಿವಾಸಿ
ಅರ್ಧ ಒಪ್ತೀನಿ. ಗೋಹರ್ ವಿಷಯ ನೋಡಿ, ಆಕೆ ಚಂದೂಲಾಲ್ ಶಾ ಜೊತೆ ಸೇರಿ ರಂಜಿತ್ ಸಂಸ್ಥೆಯ ಪಾಲುದಾರಳೇ ಆದಳು. ಬಣ್ಣ ಬಿಟ್ಟ ಮೇಲೂ ನಿಲ್ಲೋಕೆ ಒಂದು ಜಾಗ ಇತ್ತು. ಜುಬೇದಾಳ ತಾಯಿ ಫಾತ್ಮಾ ಬೇಗಂ 1926ರಲ್ಲೇ ‘ಬುಲ್‌ಬುಲ್-ಎ-ಪರಿಸ್ತಾನ್’ ನಿರ್ದೇಶಿಸಿದಳು. ಸುಲೋಚನಾ ಸ್ವಂತ ಸಂಸ್ಥೆ ಕಟ್ಟಿದರೂ ಅದು ನಿಲ್ಲಲಿಲ್ಲ. ಅದೃಷ್ಟವೂ ಇರುತ್ತೆ ಸರ್, ಎಲ್ಲವೂ ಕಾರಣದಿಂದ ಆಗಲ್ಲ.

ಹಳೇ_ರೀಲು
ಅದೂ ಸರಿಯೇ.

ಕುಂದಾ_ಪ್ರಿಯ
ಎಲ್ಲಾ ಛಲೋ ಅದ. ಈಗ ಹೇಳ್ರಿ, ಎಂಟು ವೇಷದ ಆ ಸಿನಿಮಾ ಎಲ್ಲಿ ನೋಡ್ಲಿಕ್ಕೆ ಸಿಗ್ತದ? ಯೂಟ್ಯೂಬ್ ಪೂರಾ ಜಾಲಾಡಿದೆ, ಇಲ್ಲ.

ಹಳೇ_ರೀಲು
ಇಲ್ಲ. ಎಲ್ಲೂ ಇಲ್ಲ. ಅದಕ್ಕೇ ಮೇಲೆ ‘ಊಹೆ ಅಷ್ಟೇ’ ಅಂದದ್ದು.

ನಮ್ಮ ದೇಶದಲ್ಲಿ ಮೂಕಿ ಚಿತ್ರಗಳು ಸುಮಾರು 1,300 ತಯಾರಾದವು. ಪೂರ್ತಿಯೋ ತುಂಡೋ ಉಳಿದದ್ದು ಮೂವತ್ತರ ಒಳಗೆ. ಆಗಿನ ಫಿಲ್ಮು ನೈಟ್ರೇಟಿನದ್ದು. ಬೆಂಕಿ ಹತ್ತಿದರೆ ನೀರು ಹಾಕಿದರೂ ಆರಲ್ಲ, ಅದರೊಳಗೇ ಆಮ್ಲಜನಕ ಇರುತ್ತೆ. ಬೆಂಕಿ ಹತ್ತದಿದ್ದರೂ ನಮ್ಮ ಸೆಕೆಗೆ ಮೊದಲು ಅಂಟಂಟಾಗಿ, ಆಮೇಲೆ ಕಂದು ಪುಡಿಯಾಗಿ ಡಬ್ಬಿಯಲ್ಲೇ ಸಾಯುತ್ತೆ. ಉಳಿದದ್ದನ್ನು ನಮ್ಮವರೇ ಕರಗಿಸಿದರು, ಅದರಲ್ಲಿರೋ ಬೆಳ್ಳಿಗಾಗಿ. ಟಾಕಿ ಬಂದ ಮೇಲೆ ಮೂಕಿ ರೀಲು ಯಾರಿಗೆ ಬೇಕಿತ್ತು? ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಪಿ.ಕೆ. ನಾಯರ್ ಊರೂರು ಅಲೆದು ರೀಲು ಕೂಡಿಸಲು ಹೊರಟಾಗ ‘ವೈಲ್ಡ್‌ಕ್ಯಾಟ್’ಗೆ ಆಗಲೇ ಮೂವತ್ತೇಳು ವರ್ಷ.

ಹಾಗಾಗಿ ನಮಗೆ ಗೊತ್ತಿರೋ ಸುಲೋಚನಾ ಅಂದರೆ ಸ್ಟಿಲ್ ಫೋಟೊಗಳು, ಜಾಹೀರಾತು, ಸಂಬಳದ ಅಂಕಿ, ಕಾರಿನ ಮಾದರಿ. ನಟನೆ ಹೇಗಿತ್ತು ಅಂತ ಕೇಳಿದರೆ ಬಾಯಿ ಮುಚ್ಚಿಕೊಳ್ಳಬೇಕು. ಸಿನಿಮಾ ಇದ್ದಿದ್ದರೆ ಗವರ್ನರ್ ಸಂಬಳದ ಗೊಡವೆ ನಮಗೆ ಬೇಕಿತ್ತಾ?

ಕ್ಯಾಂಪ್_ನಿವಾಸಿ
2003ರ ಜನವರಿಯಲ್ಲಿ ಇಲ್ಲಿ ನೈಟ್ರೇಟ್ ರೀಲುಗಳ ಉಗ್ರಾಣಕ್ಕೆ ಬೆಂಕಿ ಬಿದ್ದಿತ್ತು. ಹಳೇ ಪ್ರಭಾತ್ ಸ್ಟುಡಿಯೋ ಆವರಣ. ನಾನು ಆಗಿನ್ನೂ ಈ ಊರಿಗೆ ಹೊಸಬ. ಏನು ಸುಟ್ಟಿತು ಅಂತ ಆಮೇಲೆ ಪಟ್ಟಿ ಓದಿದಾಗ ಹೊಟ್ಟೆ ತೊಳಸಿತು.

ಅಂಗಳದ_ಮಲ್ಲಿಗೆ
ನಮ್ಮ ತಾತನದು ಹಾಸನದ ಕಡೆ ಟೂರಿಂಗ್ ಟಾಕೀಸ್ ಇತ್ತು. ಅವರು ಸತ್ತ ಮೇಲೆ ಅಟ್ಟದ ಮೇಲಿದ್ದ ರೀಲಿನ ತುಂಡುಗಳನ್ನ ನಾವು ಮಕ್ಕಳು ಕಿಟಕಿ ಬಿಸಿಲಿಗೆ ಹಿಡಿದು ನೋಡ್ತಾ, ಆಮೇಲೆ ಅದರಲ್ಲಿ ಗಾಳಿಪಟಕ್ಕೆ ಬಾಲ ಮಾಡ್ತಾ ಇದ್ವಿ. ಯಾವ ಸಿನಿಮಾ ಅಂತ ಯಾರು ಕೇಳಿದರು? ಇದನ್ನ ಓದಿ ಈಗ ನಿದ್ದೆ ಬರ್ತಿಲ್ಲ.

ಪಟ್ಟಾಂಗ_ಮಂಗಳೂರು
ಮಕ್ಕಳಿಗೇನು ಗೊತ್ತು ಮಾರಾಯ್ರೆ, ಬಿಡಿ.

ಟೆಂಟ್_ಟಿಕೆಟ್
ಕೊನೆಗಾಲ ಹೇಗಿತ್ತು?

ಹಳೇ_ರೀಲು
ಸಣ್ಣ ಸಣ್ಣ ಪಾತ್ರ ಮಾಡ್ತಾ ಹೋದರು. ಪ್ರಶಸ್ತಿ ಬಂದ ಮೇಲೂ ಮಾಡಿದರು, 1978ರ ‘ಖಟ್ಟಾ ಮೀಠಾ’ದ ತನಕ ಹೆಸರು ಸಿಗುತ್ತೆ. 1983ರ ಅಕ್ಟೋಬರ್ 10ರಂದು ಮುಂಬೈಯ ತಮ್ಮ ಫ್ಲ್ಯಾಟಿನಲ್ಲಿ ತೀರಿಕೊಂಡರು.

ಆದರೆ ನೀವು ಒಂದನ್ನ ನೋಡಲೇಬೇಕು. 1953ರ ‘ಅನಾರ್ಕಲಿ’, ಬೀನಾ ರಾಯ್, ಪ್ರದೀಪ್ ಕುಮಾರ್ ಇರೋದು. ಅದರಲ್ಲಿ ಸಲೀಮನ ತಾಯಿ ಜೋಧಾಬಾಯಿ ಆಗಿರೋದು ಈ ಸುಲೋಚನಾನೇ. 1928ರಲ್ಲಿ ಮೂಕಿ ಅನಾರ್ಕಲಿ, 1935ರಲ್ಲಿ ಮಾತಾಡೋ ಅನಾರ್ಕಲಿ, 1953ರಲ್ಲಿ ಅನಾರ್ಕಲಿಗೆ ಸಿಗದ ಅತ್ತೆ. ನಿರ್ದೇಶಕ ನಂದಲಾಲ್ ಜಸ್ವಂತಲಾಲ್, ‘ಇಂದಿರಾ ಎಂ.ಎ.’ ಮಾಡಿದವರೇ. ಗೊತ್ತಿದ್ದೇ ಕರೆದದ್ದು ಅನ್ನಿಸುತ್ತೆ.

ಕುಂದಾ_ಪ್ರಿಯ
ನಿನ್ನೆ ರಾತ್ರಿ ಹಚ್ಚಿ ನೋಡಿದೆ. ನಮ್ಮವ್ವನೂ ಬಾಜೂಕ ಕುಂತಿದ್ಲು. ಜೋಧಾಬಾಯಿ ಬಂದಾಗ ‘ಇಕಿ ಯಾರ, ಹಿರೋಯಿನ್‌ಗಿಂತ ಛಂದ ಇದ್ದಾಳಲ್ಲ’ ಅಂದ್ಲು. ನಾ ಏನೂ ಹೇಳಿದ್ದಿಲ್ಲ ಮತ್ತ, ಅಕೀನ ಕೇಳಿದ್ದು.

ಟೆಂಟ್_ಟಿಕೆಟ್
ಎಲ್ಲರಿಗೂ ಧನ್ಯವಾದ. ಈ ಚರ್ಚೆಯನ್ನ ಕ್ವಿಜ್ ನಡೆಸಿದವರಿಗೆ ತೋರಿಸಿದೆ. ತಪ್ಪಾಯ್ತು ಅಂತ ಒಪ್ಪಿದರು, ನಮ್ಮ ಅಂಕ ಉಳಿಸಿದರು, ಸತಿ ಸುಲೋಚನ ಅಂದ ಹಿರಿಯರು ಮಾತ್ರ ಇನ್ನೂ ಮುನಿಸಿಕೊಂಡಿದ್ದಾರೆ. ಮುಂದಿನ ತಿಂಗಳು ಸರಿಯಾದ ಫೋಟೊ ಹಾಕ್ತಾರಂತೆ. ಯಾವುದು ಹಾಕೋದು ಅಂತ ಕೇಳ್ತಿದ್ದಾರೆ, ಮೂಕಿ ಕಾಲದ್ದಾ, 1953ರದ್ದಾ?

ಹಳೇ_ರೀಲು
ಪೊಲೀಸ್ ವೇಷದ್ದು ಸಿಕ್ಕರೆ ಅದನ್ನೇ ಹಾಕಲಿ. ಸಿಕ್ಕರೆ ನನಗೂ ಕಳಿಸಿ.